ಅಂಗೈಯ ಗೆರೆ ಕಾಣುವವರೆಗೆ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಈಗ ಎಲ್ಲಿದ್ದಾರೋ ಅಲ್ಲಿಂದಲೇ ಬೈದಾರು. ಚಿಕ್ಕೋಡಿಯ ನಮ್ಮ ಟ್ರಸ್ಟ್ ಆಸ್ಪತ್ರೆಯಲ್ಲಿ ಒಮ್ಮೆ, ಎಕ್ಸ್‌ರೇ ಫಿಲ್ಮಿನ ಮೂಲೆಯಲ್ಲಿ ರೋಗಿಯ ಹೆಸರಿನ ಜೊತೆಗೆ ತೆಗೆದವರ ಹೆಸರೂ ಇದ್ದರೆ ಚೆಂದ ಎಂಬ ಮಾತು ಬಂದಿತ್ತು. ಅವರು ಕೈ ಅಡ್ಡ ಆಡಿಸಿಬಿಟ್ಟರು. "ಎದಿ ಅವರದು, ಕೆಮ್ಮ ಅವರದು. ನಡುವ ನನ್ನ ಹೆಸರ ಯಾತಕ್ರಿ?"

ಊರಿಗೆಲ್ಲ ಅವರು ಫೋಟೋ ಮಾಮಾ. ನಮ್ಮ ಕಡೆ ಎಕ್ಸ್‌ರೇಗೆ ಫೋಟೋ ಎನ್ನುವುದೇ ರೂಢಿ. ಕಾಲು ಮುರಿದರೂ ಫೋಟೋ, ಎದೆ ನೋವಾದರೂ ಫೋಟೋ. ಹೀಗಾಗಿ ಯಡೂರಿನ ಮುದುಕಿಯೊಬ್ಬಳು ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟುಕೊಂಡು ಬಂದು ಯಂತ್ರದ ಮುಂದೆ ಗಂಭೀರವಾಗಿ ನಿಂತದ್ದುಂಟು. ಮಾಮಾ ನಗಲಿಲ್ಲ. "ಭಾಳ ಚಲೋ ಕಾಣಾಕತ್ತಿ ಬಿಡವ್ವಾ. ಆದ್ರ ಈ ಫೋಟೋದಾಗ ಸೀರಿ ಬರೂದಿಲ್ಲ, ಎಲುಬ ಅಷ್ಟ ಬರತಾವ" ಎಂದರು. "ಎಲುಬು ನೋಡಿ ಯಾರಿಗೇನ ಆಗಬೇಕಾಗೇತೋ ಯಪ್ಪಾ" ಎಂದು ಮುದುಕಿ ಸಿಟ್ಟಿನಿಂದಲೇ ಉಸಿರು ಹಿಡಿದಳು.

ನಾನು ಅದೇ ಆಸ್ಪತ್ರೆಯ ಲ್ಯಾಬಿನವಳು. ರಕ್ತ, ಕಫ, ಮೂತ್ರ ನನ್ನ ಪಾಲು. ಎಲುಬು, ಎದೆ ಅವರ ಪಾಲು. ನನ್ನ ಕೋಣೆಗೂ ಅವರ ಡಾರ್ಕ್‌ರೂಮಿಗೂ ನಡುವೆ ಒಂದೇ ಗೋಡೆ. ಫಿಲ್ಮು ತೊಳೆಯುವಾಗ ಅವರು ಗುನುಗುವುದು ನನಗೆ ಕೇಳುತ್ತಿತ್ತು, ನಾನು ಗಾಜು ಒಡೆದುಕೊಂಡು ಶಪಿಸುವುದು ಅವರಿಗೆ ಕೇಳುತ್ತಿತ್ತು. ನನ್ನನ್ನು ಅವರು ಕರೆಯುತ್ತಿದ್ದದ್ದು ಪೋರಿ ಎಂದೇ. ನನಗೆ ಮಗಳು ಹುಟ್ಟಿದ ಮೇಲೂ ನಾನು ಪೋರಿಯೇ. ಮಗಳಿಗೆ ಅವರು ಬೇರೆ ಹೆಸರು ಹುಡುಕಬೇಕಾಯಿತು.

ಹೋದ ತಿಂಗಳು ಅವರು ತಮ್ಮ ಊರು ಜುಗೂಳದಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ನಾನು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಿದ್ದೆ. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ, ಕಾಣದ್ದನ್ನು ಕಾಣುತ್ತದೆ ಎಂದು ಬರೆಯುವವಳು ನಾನಲ್ಲವಾದ್ದರಿಂದ ಕೆಲಸ ನಿಲ್ಲಿಸಿ ಎದ್ದೆ. ಆ ಅಭ್ಯಾಸ ಅವರಿಂದಲೇ ಬಂದದ್ದು.

ಉದ್ದ, ತೆಳ್ಳಗಿನ ಆಸಾಮಿ. ಡಾರ್ಕ್‌ರೂಮಿನ ಬಾಗಿಲು ಗಿಡ್ಡ, ಬಗ್ಗಿ ಬಗ್ಗಿ ಬೆನ್ನು ಹಾಗೆಯೇ ನಿಂತುಬಿಟ್ಟಿತ್ತು. ಬೆರಳ ತುದಿಗಳು ಡೆವಲಪರ್ ದ್ರಾವಣದಲ್ಲಿ ಅದ್ದಿ ಅದ್ದಿ ಕಂದುಗಟ್ಟಿದ್ದವು. ನಾನು ನಿಪ್ಪಾಣಿಯವಳು, ತಂಬಾಕಿನ ವಾಸನೆಯಲ್ಲೇ ಬೆಳೆದವಳು. ಮೊದಲ ದಿನ ಆ ಬೆರಳು ನೋಡಿ, 'ಜೈನರಾಗಿ ಇಷ್ಟು ಬೀಡಿ ಸೇದತಾರಲ್ಲ' ಎಂದುಕೊಂಡೆ. ಅವರ ಮಗನಿಗೆ ಹೆಣ್ಣು ಕೊಡಲು ಬಂದವರೂ ಹಾಗೆಯೇ ಅಂದುಕೊಂಡು ಒಳಗೊಳಗೇ ಪಿಸುಗುಟ್ಟಿದರಂತೆ. ಮಾಮಾ ಎದ್ದು ಹೋಗಿ ಬೀಗರ ಮೂಗಿನ ಹತ್ತಿರ ಬೆರಳು ಹಿಡಿದು, "ವಾಸನಿ ತಗೋರಿ. ಬೀಡಿ ಅಲ್ಲ, ಆಸ್ಪತ್ರಿ" ಎಂದರಂತೆ. ಮದುವೆಯಾಯಿತು.

ಉಸಿರು ಹಿಡಿಸುವುದರಲ್ಲಿ ಅವರದೊಂದು ಪದ್ಧತಿ ಇತ್ತು. ನಮ್ಮಲ್ಲಿ ಬರುವವರಲ್ಲಿ ಅರ್ಧ ಜನ ಕನ್ನಡದವರು, ಅರ್ಧ ಜನ ಮರಾಠಿಯವರು. ಎರಡೂ ಭಾಷೆಯಲ್ಲಿ ಹೇಳುವಷ್ಟರಲ್ಲಿ ಹಿಡಿದವರು ಬಿಟ್ಟಿರುತ್ತಾರೆ, ಫಿಲ್ಮಿನಲ್ಲಿ ಎದೆ ಅಲ್ಲಾಡಿರುತ್ತದೆ. ಅದಕ್ಕೇ ಅವರು ಎಲ್ಲರನ್ನೂ ಮೊದಲು "ಊಟಾ ಆತೇನ್ರಿ?" ಎಂದು ಕೇಳುವರು. ಉತ್ತರ ಯಾವ ಭಾಷೆಯಲ್ಲಿ ಬರುತ್ತದೋ ಆ ಭಾಷೆಯಲ್ಲಿ ಉಸಿರು. "ಹೌದ್ರಿ, ಆತ್ರಿ" ಎಂದವರಿಗೆ "ಎಳಕೋರಿ, ಹಿಡೀರಿ." "ಝಾಲ" ಎಂದವರಿಗೆ "ಶ್ವಾಸ ಘ್ಯಾ, ಧರಾ." ಊಟವಾಗಿಲ್ಲ ಎಂದವರಿಗೆ ಎಕ್ಸ್‌ರೇ ಮುಗಿದ ಮೇಲೆ ಕ್ಯಾಂಟೀನಿನ ದಾರಿ ತೋರಿಸುವರು.

ಅವರ ಊಟದ ವಿಷಯ ಹೇಳಲೇಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಅವರದು ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟದ ಮನೆತನ. ಬಹಳ ಮಂದಿ ಜೈನರು ಈಗ ಗಡಿಯಾರ ನೋಡಿ ಉಣ್ಣುತ್ತಾರೆ. ಮಾಮಾ ಗಡಿಯಾರ ನೋಡುತ್ತಿರಲಿಲ್ಲ, ಅಂಗೈ ನೋಡುತ್ತಿದ್ದರು. ಅವರ ತಾಯಿ ಹಾಕಿಕೊಟ್ಟ ನಿಯಮ: ತಾಟಿನ ಮುಂದೆ ಕೂತು, ದೀಪದ ಬೆಳಕಿಲ್ಲದೆ, ಅಂಗೈಯ ಗೆರೆ ಕಾಣುವವರೆಗೆ ಉಣ್ಣಬೇಕು. ಗೆರೆ ಮಾಯವಾಯಿತೋ, ಕೈಯಲ್ಲಿದ್ದ ತುತ್ತು ಮುಗಿಸಿ ಏಳಬೇಕು. ಸಂಜೆ ಹೊತ್ತಿಗೆ ಯಾರಾದರೂ ಟ್ರ್ಯಾಕ್ಟರಿನಿಂದ ಬಿದ್ದು ಬಂದರೆ ಅವರು ನಿಲ್ಲುವರು, ಅವತ್ತು ಉಪವಾಸ. ಮರುದಿನ ನಮಗೆ ಅದು ಗೊತ್ತಾಗುತ್ತಿದ್ದದ್ದು ಅವರಿಂದಲ್ಲ, ಅವರ ಹೆಂಡತಿ, ನಮ್ಮ ಮಾಮಿಯಿಂದ.

ಇಡೀ ದಿನ ಕತ್ತಲಲ್ಲಿ ಕೆಲಸ ಮಾಡುವ ಮನುಷ್ಯ ಸಂಜೆಯ ಬೆಳಕಿನ ಮೇಲೆ ಇಷ್ಟು ಲಕ್ಷ್ಯ ಇಡುವುದು ನನಗೆ ತಮಾಷೆಯಾಗಿ ಕಾಣುತ್ತಿತ್ತು. "ಮಾಮಾ, ನಿಮ್ಮ ಕೆಂಪ ದೀಪದಾಗ ಅಂಗೈ ನೋಡಿದ್ರ ರಾತ್ರಿ ಹನ್ನೆರಡಕ್ಕೂ ಉಣ್ಣಬಹುದಲ್ರಿ" ಎಂದು ಕೆಣಕುತ್ತಿದ್ದೆ. "ನೀ ಮೊದಲ ಹೊತ್ತಿಗೆ ಸರಿಯಾಗಿ ಉಣ್ಣೂದ ಕಲಿ" ಎನ್ನುವರು.

ಕೆಲಸದ ಮಾತು ಬಂದರೆ ಅವರಿಗೆ ಒಂದೇ ಹುಚ್ಚು: ಬೂದಿ ಬಣ್ಣ. ಅಥಣಿಯ ಪಾತ್ರೆ ಅಂಗಡಿಯಿಂದ ಅಲ್ಯೂಮಿನಿಯಂ ತಗಡು ತಂದು, ಪಟ್ಟಿಗಳಾಗಿ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ ಒಂದು ಸಣ್ಣ ಮೆಟ್ಟಿಲು ಮಾಡಿಕೊಂಡಿದ್ದರು. ಅದಕ್ಕೆ ಅವರು ಇಟ್ಟ ಹೆಸರು ಪಾವಟಿಗಿ. ಹೊಸ ದ್ರಾವಣ ಕಲಸಿದಾಗಲೆಲ್ಲ ಫಿಲ್ಮಿನ ತುಣುಕಿನ ಮೇಲೆ ಅದನ್ನಿಟ್ಟು ಎಕ್ಸ್‌ರೇ ತೆಗೆಯುವರು. ತಗಡು ತೆಳುವಾದ ಕಡೆ ಕಿರಣ ಹೆಚ್ಚು ದಾಟಿ ಫಿಲ್ಮು ಕಪ್ಪಾಗುತ್ತದೆ, ದಪ್ಪವಾದ ಕಡೆ ತಡೆದು ಬಿಳಿಯಾಗಿ ಉಳಿಯುತ್ತದೆ, ನಡುವೆ ಬೂದಿಯ ಮೆಟ್ಟಿಲುಗಳು. ಎಲ್ಲ ಮೆಟ್ಟಿಲೂ ಬೇರೆ ಬೇರೆಯಾಗಿ ಕಂಡರೆ ದ್ರಾವಣ ಸರಿ, ಯಂತ್ರ ಸರಿ, ದಿನ ಸರಿ.

"ಕರೀದು ಬಿಳೀದು ಕುರುಡಗೂ ಕಾಣತೈತಿ ಪೋರಿ" ಎನ್ನುವರು. "ಬ್ಯಾನಿ ಇರೂದು ನಡುವಿನ ಬೂದ್ಯಾಗ. ಎಲುಬು ಬೆಳ್ಳಗ ಬರಲಿ ಅಂತ ಹೊಂಟ್ರ ಪುಪ್ಪುಸಾ ಸಾಯತೈತಿ."

ಫಿಲ್ಮು ಹಾಳು ಮಾಡುವುದು ಅವರ ಮಟ್ಟಿಗೆ ಪಾಪ. ಬರೀ ಮಾತಿಗೆ ಪಾಪವಲ್ಲ, ನಿಜವಾದ ಪಾಪ. ಫಿಲ್ಮಿನ ಕಂಪನಿಯವನೊಬ್ಬ ಒಮ್ಮೆ ಚಹ ಕುಡಿಯುತ್ತ, ಫಿಲ್ಮಿನ ಮೇಲಿನ ಲೇಪ ದನದ ಎಲುಬು, ಚರ್ಮ ಕುದಿಸಿ ಮಾಡುವ ಸರೇಸಿನ ಅಂಟಿನಿಂದ ಆಗುತ್ತದೆ ಎಂದುಬಿಟ್ಟ. ಇರುವೆ ದಾಟಿ ನಡೆಯುವ ಮನುಷ್ಯನಿಗೆ ಅದು ಹೇಗೆ ನಾಟಿತೋ. ಕೆಲವು ದಿನ ಗೋಡೆಯಾಚೆ ಗುನುಗು ನಿಂತಿತು. ಕೆಲಸ ಬಿಡುತ್ತಾರೇನೋ ಎಂದು ನಾನು ಹೆದರಿದೆ. ಒಂದು ಮುಂಜಾನೆ ತಾವಾಗಿಯೇ ಬಂದು ನನ್ನ ಬಾಗಿಲಲ್ಲಿ ನಿಂತರು. "ಸತ್ತ ಜೀವದ ಎಲುಬಿನ ಮ್ಯಾಲ ಇದ್ದ ಜೀವದ ಎಲುಬು ಮೂಡತೈತಿ. ಆ ದನಾ ಇನ್ನೂ ದುಡ್ಯಾಕತ್ತೈತಿ ನೋಡು. ಅದರ ದುಡಿಮಿ ಹಾಳ ಮಾಡಬಾರದು, ಅಷ್ಟ." ಅಂದಿನಿಂದ ಅವರು ಒಂದು ಫಿಲ್ಮನ್ನು ಎರಡನೆಯ ಸಲ ತೆಗೆದದ್ದನ್ನು ನಾನು ನೋಡಲಿಲ್ಲ, ಆ ಒಂದು ಸಂದರ್ಭದವರೆಗೆ.

ನಿವೃತ್ತಿಗೆ ಕೆಲವು ವರ್ಷ ಇರುವಾಗಿನ ಮಾತು. ಅವರ ಫಿಲ್ಮುಗಳನ್ನು ಜನ ಹೊಗಳಲು ಶುರು ಮಾಡಿದರು. ಮೊದಲು ಯಾರೂ ಹೊಗಳುತ್ತಿರಲಿಲ್ಲ, ಬೂದಿಯನ್ನು ಯಾರು ಹೊಗಳುತ್ತಾರೆ? ಈಗ ಕಿಟಕಿಗೆ ಹಿಡಿದು ನೋಡಿದವರೆಲ್ಲ, "ಮಾಮಾ, ಭಾರಿ ಬಂದೈತ್ರಿ, ಪಕ್ಕೆಲುಬು ಎಣಿಸಬಹುದು" ಎನ್ನುವರು. ಮುರಿದ ಎಲುಬು ಹೊತ್ತು ಬಂದವರಿಗೆ ಖುಷಿಯೋ ಖುಷಿ. ಹೊಸದಾಗಿ ಬಂದಿದ್ದ ಡಾಕ್ಟರೂ, ಆಸ್ಪತ್ರೆ ಸಣ್ಣದಾದರೂ ಫಿಲ್ಮು ಎಷ್ಟು ಎದ್ದು ಕಾಣುತ್ತವೆ ಎಂದು ಮೆಚ್ಚಿದರು. ಮಾಮಾನಿಗೂ ಒಳಗೊಳಗೇ ಹಿಗ್ಗು. ಮನುಷ್ಯ ಮುಪ್ಪಿನಲ್ಲಿ ಹೊಗಳಿಕೆಗೆ ಬೇಗ ಸೋಲುತ್ತಾನೆ, ಅವರೂ ಮನುಷ್ಯರೇ.

ಆಗಲೇ ಕಬ್ಬೂರಿನ ಶೇವಂತಾ ಬಂದದ್ದು. ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುವ ಹುಡುಗಿ, ಬಗಲಲ್ಲಿ ಮೊಲೆಯುಣ್ಣುವ ಕೂಸು. ಬಹಳ ದಿನದ ಕೆಮ್ಮು, ಸಂಜೆಯಾದರೆ ಮೈ ಬಿಸಿ. ನಾನು ಕಫ ನೋಡಿದೆ, ಏನೂ ಸಿಗಲಿಲ್ಲ. ಮಾಮಾ ಎದೆಯ ಫೋಟೋ ತೆಗೆದರು. ಕಪ್ಪು ಕಪ್ಪಾದ ಪುಪ್ಪುಸ, ಬೆಳ್ಳನೆಯ ಪಕ್ಕೆಲುಬು, ಕಲೆ ಇಲ್ಲ, ಚುಕ್ಕೆ ಇಲ್ಲ. ಡಾಕ್ಟರು ಕೆಮ್ಮಿನ ಔಷಧಿ ಕೊಟ್ಟು ಕಳಿಸಿದರು. ಮತ್ತೆ ಬಂದಳು. ಮತ್ತೆ ನನ್ನ ಗಾಜಿನಲ್ಲಿ ಏನೂ ಇಲ್ಲ.

ಆ ಸಲ ಅವಳು ಹೋಗಲಿಲ್ಲ. ನನ್ನ ಕಿಟಕಿಯ ಹತ್ತಿರ ನಿಂತೇ ಇದ್ದಳು. "ಅಕ್ಕಾ, ಎಲ್ಲಾ ಬರೋಬರಿ ಐತಿ ಅಂತ ಬರದ ಕೊಡಬ್ಯಾಡ್ರಿ" ಎಂದಳು.

"ಯಾಕ ಬೇ, ಬರೋಬರಿ ಇದ್ರ ಚಲೋ ಅಲ್ಲೇನ?"

"ಮನ್ಯಾಗ ಅತ್ತಿ ಫೋಟೋ ಹಿಡದ ತೋರಸತಾಳ್ರಿ ಮಂದಿಗೆ. ನೋಡ್ರಿ, ಫೋಟೋದಾಗ ಏನೂ ಇಲ್ಲ, ಕೆಲಸಾ ತಪ್ಪಿಸಾಕ ನಾಟಕಾ ಮಾಡತಾಳ ಅಂತ. ಗಂಡನೂ ಹಂಗ ಅಂತಾನ. ಈಗ ನನಗೂ ಹಂಗ ಅನಸಾಕತ್ತೈತಿ. ನಾ ಖರೇನ ನಾಟಕಾ ಮಾಡಾಕತ್ತೀನೇನ್ರಿ?"

ಆ ಹುಡುಗಿಯ ಭುಜದ ಎಲುಬು ರವಿಕೆಯೊಳಗಿಂದ ಎದ್ದು ಕಾಣುತ್ತಿತ್ತು. ಕೂಸು ಹಾಲಿಗೆ ಜಗ್ಗುತ್ತಿತ್ತು. ಅವಳ ಚೀಲದಲ್ಲಿದ್ದ ಫಿಲ್ಮನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಮಾಮಾ ನನಗೆ ಹಿಂದೊಮ್ಮೆ ಕಲಿಸಿದ್ದ ಒಂದು ಪರೀಕ್ಷೆ ಇತ್ತು: ಒಳ್ಳೆಯ ಎದೆಯ ಫಿಲ್ಮಿನಲ್ಲಿ ಅತಿ ಕಪ್ಪಾದ ಜಾಗದ ಹಿಂದೆ ಬೆರಳಿಟ್ಟರೂ ಬೆರಳಿನ ನೆರಳು ತುಸುವಾದರೂ ಕಾಣಬೇಕು. ಬೆರಳಿಟ್ಟೆ. ಕಾಣಲಿಲ್ಲ. ಪುಪ್ಪುಸದ ತುಂಬ ಸರಿಸಿ ನೋಡಿದೆ, ಎಲ್ಲೂ ಕಾಣಲಿಲ್ಲ. ತವೆಯ ಮೇಲೆ ಮರೆತ ಭಕ್ರಿಯಂತೆ ಫಿಲ್ಮು ಕರಕಾಗಿತ್ತು. ಅದರೊಳಗೆ ಬೂದಿ ಎಂಬುದೇ ಇರಲಿಲ್ಲ.

ಯಂತ್ರ ಕೆಟ್ಟಿರಬೇಕು ಎಂದುಕೊಂಡೆ. ಮಾಮಾ ತಪ್ಪಿರಬಹುದು ಎಂಬ ವಿಚಾರ ತಲೆಯೊಳಗೆ ಬರಲೇ ಇಲ್ಲ. ಅದು ಬಂದದ್ದು ಅದೇ ಸಂಜೆ, ಅವರ ಮನೆಯ ಅಂಗಳದಲ್ಲಿ.

ಬಸದಿಯ ಓಣಿಯಲ್ಲಿ ಅವರ ಬಾಡಿಗೆ ಮನೆ. ಮಾಮಿ ನನ್ನನ್ನು ಆಗಾಗ ಊಟಕ್ಕೆ ಕರೆಯುವರು. ಹೋದರೆ ಹೊತ್ತಿರುವಾಗಲೇ ಹೋಗಬೇಕು. ಅವತ್ತು ಬಿಳಿ ಜೋಳದ ಭಕ್ರಿ, ಝುಣಕ, ಶೇಂಗಾ ಹಿಂಡಿ. ಮಾಮಾ ಒಂದು ಭಕ್ರಿ ಮುಗಿಸಿದರು, ಅಂಗೈ ತಿರುವಿ ನೋಡಿದರು, ನಿಟ್ಟುಸಿರು ಬಿಟ್ಟು ಎದ್ದು ಕೈ ತೊಳೆಯಲು ಹೋದರು. ಮಾಮಿ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು:

"ದಿನಾ ಹಿಂಗ ನೋಡವ್ವಾ. ಅರ್ಧಾ ಊಟಕ್ಕ ಏಳತಾರ. ಗೆರಿ ಕಾಣವಲ್ವು, ಹೊತ್ತ ಮುಳುಗೇತಿ ಅಂತಾರ. ಹೊರಗ ನೋಡಿದ್ರ ಅಂಗಳದಾಗ ಇನ್ನೂ ಬಿಸಲ ಐತಿ. ಮೈ ಎಷ್ಟ ಇಳದೈತಿ ನೋಡು. ನಾ ಏನರ ಅಂದ್ರ, ಈಗಿನ ದಿನಾನ ಸಣ್ಣ ಆಗ್ಯಾವ ಅಂತಾರ."

ನಾನು ನನ್ನ ಅಂಗೈ ನೋಡಿಕೊಂಡೆ. ಗೆರೆಗಳು ಬರೆದಿಟ್ಟಂತೆ ಕಂಡವು. ಕಾಂಪೌಂಡಿನ ಮೇಲೆ ಬಿಸಿಲು ಹಳದಿಯಾಗಿ ಕೂತಿತ್ತು. ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟೆ.

ಎಲ್ಲ ತಿಳಿಯಿತು. ಅವರ ಕಣ್ಣಿಗೆ ಪೊರೆ ಬಂದಿತ್ತು. ಪೊರೆ ಬಂದವರಿಗೆ ಮೊದಲು ಹೋಗುವುದು ದೊಡ್ಡ ವಸ್ತುವಲ್ಲ, ಬೂದಿಗೂ ಬೂದಿಗೂ ನಡುವಿನ ಸಣ್ಣ ಭೇದ. ಮಾಮಾ ಫಿಲ್ಮನ್ನು ಗಡಿಯಾರ ಇಟ್ಟು ತೊಳೆಯುವವರಲ್ಲ. ಕೆಂಪು ದೀಪದ ಕೆಳಗೆ ದ್ರಾವಣದಿಂದ ಎತ್ತಿ ಎತ್ತಿ ನೋಡಿ, ಚಿತ್ರ ಎದ್ದಿತು ಎಂದು ಕಣ್ಣಿಗೆ ತೋರಿದಾಗ ತೆಗೆಯುವವರು. ಚಿತ್ರ ಎದ್ದಿದ್ದರೂ ಅವರಿಗೆ ಎದ್ದಂತೆ ಕಾಣುತ್ತಿರಲಿಲ್ಲ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಬಿಡುತ್ತಿದ್ದರು. ಹೊರಗೆ ತಂದು ನೋಡಿದರೂ ಸಪ್ಪೆ ಎನ್ನಿಸಿ, ಮುಂದಿನ ಸಲ ಯಂತ್ರವನ್ನೂ ಎಲುಬು ಎದ್ದು ಕಾಣುವ ಹಾಗೆ ತಿರುವಿ ಇಡುತ್ತಿದ್ದರು. ತಮ್ಮ ಕಣ್ಣಿಗೆ ಹಿತವಾದ ಫಿಲ್ಮನ್ನು ಅವರು ಮಾಡುತ್ತಿದ್ದರು, ಊರು ಅದನ್ನು ಹೊಗಳುತ್ತಿತ್ತು. ಅದೇ ಕಣ್ಣಿಗಾಗಿ ಅವರು ಬಿಸಿಲಿರುವಾಗಲೇ ಹಸಿದು ಏಳುತ್ತಿದ್ದರು.

ಈ ಮಾತನ್ನು ಅವರಿಗೆ ಹೇಗೆ ಹೇಳುವುದು? ಕಣ್ಣೇ ಅವರ ಅನ್ನ, ಕಣ್ಣೇ ಅವರ ಮಾನ. ನನಗೆ ನಯವಾಗಿ ಮಾತಾಡಲು ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಮರುದಿನ ಮುಂಜಾನೆ ಅವರು ಹೊಸ ದ್ರಾವಣ ಕಲಸುವುದನ್ನು ಕಾದು, ಪಾವಟಿಗಿಯ ಫಿಲ್ಮು ಲೈಟಿನ ಪೆಟ್ಟಿಗೆಯ ಮೇಲೆ ಬಂದ ಕೂಡಲೇ ಪಕ್ಕಕ್ಕೆ ಹೋಗಿ ನಿಂತೆ. ಅವರು ಒಂದಿಷ್ಟು ಹಳೆಯ ತುಣುಕುಗಳನ್ನು ಅಲ್ಲೇ ಗೋಡೆಗೆ ಸಿಕ್ಕಿಸಿ ಇಟ್ಟಿದ್ದರು. ಬಹಳ ಹಿಂದಿನದೊಂದನ್ನು ತೆಗೆದು ಹೊಸದರ ಪಕ್ಕಕ್ಕೆ ಇಟ್ಟೆ.

"ಮಾಮಾ, ಈ ಹಳೇದರಾಗ ಎಲ್ಲೀ ತನಕ ಪಾವಟಿಗಿ ಕಾಣತಾವ, ಬೆರಳ ಇಟ್ಟ ತೋರಿಸ್ರಿ."

"ಯಾಕ, ಪರೀಕ್ಷಾ ತಗೋತಿಯೇನ ಬೇ?" ಎಂದು ನಗುತ್ತಲೇ ಕಂದು ಬೆರಳಿಟ್ಟು ಕೆಳಗಿನಿಂದ ಒಂದೊಂದೇ ಮೆಟ್ಟಿಲು ಏರಿದರು. ಒಂದು ಕಡೆ ಬೆರಳು ನಿಂತಿತು. "ಇಲ್ಲಿಗೆ ಮುಗೀತು. ಮುಂದ ಎಲ್ಲಾ ಒಂದ."

ಅವರ ಬೆರಳು ನಿಂತ ಕಡೆಯಿಂದ ಮೇಲೆ ಇನ್ನೂ ಮೆಟ್ಟಿಲುಗಳಿದ್ದವು. ನಾನು ನನ್ನ ಬೆರಳನ್ನು ಮುಂದಿನದರ ಮೇಲಿಟ್ಟೆ, ಆಮೇಲೆ ಅದರ ಮುಂದಿನದರ ಮೇಲೆ, ತುದಿಯವರೆಗೆ.

ಮಾಮಾ ಹಾಗೇ ನೋಡುತ್ತ ನಿಂತರು. ತುಣುಕನ್ನು ತೆಗೆದು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ನಿನಗ ಖರೇನ ಕಾಣತಾವ?"

"ಕಾಣತಾವ್ರಿ ಮಾಮಾ."

"ನನ್ನ ಸಮಾಧಾನಕ್ಕ ಏನೂ ಹೇಳಬ್ಯಾಡ. ಇದ್ದದ್ದ ಹೇಳು."

"ಇದ್ದದ್ದ ಹೇಳಾಕತ್ತೀನ್ರಿ. ನಿನ್ನೆ ಸಂಜೀಕ ಅಂಗಳದಾಗ ಬಿಸಲ ಇತ್ರಿ ಮಾಮಾ. ನನ್ನ ಅಂಗೈ ಗೆರಿ ಎಲ್ಲಾ ಕಾಣತಿದ್ದು."

ಅವರು ಸ್ಟೂಲಿನ ಮೇಲೆ ಕೂತರು. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ, ಸಿಟ್ಟಾಗಿದ್ದರೆ ನನಗೂ ಹಗುರಾಗುತ್ತಿತ್ತು. ಅವರು ಕೇಳಿದ್ದು ಒಂದೇ: "ಯಾರ ಯಾರ ಎದಿ ನೋಡೀನಿ ಹಿಂಗ?" ನಾನು ಶೇವಂತಾಳ ಫಿಲ್ಮನ್ನು ಅವರ ಕೈಗೆ ಕೊಟ್ಟು, ಅವಳ ಮನೆಯಲ್ಲಿ ಏನು ನಡೆದಿದೆ ಎಂಬುದನ್ನು ಹೇಳಿದೆ. ಅವರು ಫಿಲ್ಮಿನ ಹಿಂದೆ ಬೆರಳಿಟ್ಟರು.

ಶೇವಂತಾಳನ್ನು ಅಂದೇ ಕರೆಸಿದೆವು. ಮಾಮಾ ಯಂತ್ರವನ್ನು ತಮ್ಮ ಹಳೆಯ ಲೆಕ್ಕಕ್ಕೆ ತಿರುವಿದರು. "ಊಟಾ ಆತೇನವ್ವಾ?" ಎಂದು ಕೇಳಿದರು, ಅವಳು "ಇಲ್ರಿ" ಎಂದಳು. "ಆಮ್ಯಾಲ ಮಾಡೂವಂತಿ. ಈಗ ಉಸರ ಎಳಕೋ. ಹಿಡಿ." ಡಾರ್ಕ್‌ರೂಮಿಗೆ ಹೋಗುವಾಗ ನನ್ನ ಕೈ ಹಿಡಿದು ಒಳಗೆ ಕರೆದೊಯ್ದರು. ಅಷ್ಟು ವರ್ಷದಲ್ಲಿ ಕೆಲಸ ನಡೆಯುವಾಗ ಆ ಕೋಣೆಗೆ ಯಾರನ್ನೂ ಬಿಟ್ಟವರಲ್ಲ. ಕೆಂಪು ಬೆಳಕಿನಲ್ಲಿ ಫಿಲ್ಮು ದ್ರಾವಣದೊಳಗೆ ಇಳಿಯಿತು. "ಈಗ ನೀ ನೋಡು. ಎದ್ದಿತು ಅಂದಾಗ ಹೇಳು" ಎಂದು ಅವರು ಮುಖವನ್ನೇ ಗೋಡೆಯ ಕಡೆ ತಿರುವಿದರು. ತಮ್ಮ ಕಣ್ಣು ನಡುವೆ ಬಾಯಿ ಹಾಕುವುದು ಬೇಡ ಎಂದು.

ನಾನು "ಎದ್ದಿತ್ರಿ" ಎಂದೆ. ಅವರು ತೆಗೆದು ತೊಳೆದರು.

ಹೊರಗೆ ತಂದು ಬೆಳಕಿಗೆ ಹಿಡಿದಾಗ ಫಿಲ್ಮು ನೋಡಲು ಏನೂ ಚೆಂದವಿರಲಿಲ್ಲ. ಸಪ್ಪಗೆ, ಮಾಸಲಾಗಿ, ಎಲ್ಲೆಲ್ಲೂ ಬೂದಿ. ಬಲಗಡೆ, ಕೊರಳ ಎಲುಬಿನ ಹಿಂದೆ, ಒಂದು ತೆಳುವಾದ ಮೋಡ ಕೂತಿತ್ತು. ಡಾಕ್ಟರು ಬಹಳ ಹೊತ್ತು ನೋಡಿದರು. ಕಫವನ್ನು ಹೆಚ್ಚಿನ ಪರೀಕ್ಷೆಗೆ ಬೆಳಗಾವಿಗೆ ಕಳಿಸಿದೆವು. ಕ್ಷಯ ಹೌದೆಂದು ಬಂತು. ಔಷಧಿ ಶುರುವಾಯಿತು, ಕೂಸಿನ ತಪಾಸಣೆಯೂ ಆಯಿತು.

ಅಲ್ಲಿಗೆ ಮುಗಿಯಿತೆಂದು ನಾವೆಲ್ಲ ತಿಳಿದೆವು. ಮಾಮಾನಿಗೆ ಮುಗಿದಿರಲಿಲ್ಲ. ರವಿವಾರ ನನ್ನನ್ನು ಕರೆದುಕೊಂಡು ಕಬ್ಬೂರಿನ ಬಸ್ಸು ಹತ್ತಿದರು. ಶೇವಂತಾಳ ಮನೆಯ ಮುಂದೆ ಅತ್ತೆ ಶೇಂಗಾ ಒಣಹಾಕುತ್ತಿದ್ದಳು. ಆಸ್ಪತ್ರೆಯವರು ಬಂದರೆಂದು ಅಕ್ಕಪಕ್ಕದವರು ಕೂಡಿದರು. ಮಾಮಾ ಹಳೆಯ ಫಿಲ್ಮು ಒಂದು ಕೈಯಲ್ಲಿ, ಹೊಸದು ಒಂದು ಕೈಯಲ್ಲಿ ಹಿಡಿದು ಆಕಾಶಕ್ಕೆ ಎತ್ತಿದರು.

"ಇದನ್ನ ನೀವು ಮಂದಿಗೆ ತೋರಸತಿದ್ರಿ, ಹೌದಲ್ರಿ?" ಎಂದು ಅತ್ತೆಯನ್ನು ಕೇಳಿದರು. "ಇದು ಸುಳ್ಳ ಫೋಟೋ. ತಗದಾಂವ ನಾನ. ನನ್ನ ಕಣ್ಣಿಗೆ ಮೋತಿಬಿಂದು ಬಂದೈತಿ, ನನಗ ಗೊತ್ತಾಗಲಿಲ್ಲ. ಹುಡುಗಿ ಸುಳ್ಳ ಹೇಳಿಲ್ರಿ. ಸುಳ್ಳ ಹೇಳಿದ್ದು ನನ್ನ ಫೋಟೋ. ಈ ಇನ್ನೊಂದ ನೋಡ್ರಿ, ಇಲ್ಲಿ ಐತಿ ಆಕಿ ಬ್ಯಾನಿ. ಈಗ ಇದನ್ನ ತೋರಿಸ್ರಿ ಎಲ್ಲಾರಿಗೂ."

ಶೇವಂತಾ ಬಾಗಿಲಲ್ಲಿ ನಿಂತವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ನನಗೂ ತಡೆಯಲಾಗಲಿಲ್ಲ. ಅತ್ತೆ ಕೈಯ ಮಣ್ಣು ಒರೆಸಿಕೊಂಡು ಹೋಗಿ ಸೊಸೆಯ ಬಗಲಿನಿಂದ ಕೂಸನ್ನು ಇಸಿದುಕೊಂಡಳು. "ಕುಂದರು" ಎಂದಳು. "ಎಷ್ಟೊತ್ತ ನಿಂದರತಿ, ಕುಂದರು." ಆಮೇಲೆ ನಮಗೆ ಚಹ ಬಂತು. ಮಾಮಾ ಚಹ ಕುಡಿಯುವವರಲ್ಲ, ಅವತ್ತು ಕುಡಿದರು.

ತಿರುಗಿ ಬರುವಾಗ ಬಸ್ಸಿನಲ್ಲೇ ಶುರು ಮಾಡಿದರು. ಕಂಡಕ್ಟರನನ್ನು ಕರೆದು, "ಕೆಮ್ಮಿಗೆ ನನ್ನ ಕಡೆ ಫೋಟೋ ತಗಿಸಿದವರು ಯಾರರ ಇದ್ರ ತಿರುಗಿ ಬರಾಕ ಹೇಳಪ್ಪಾ" ಎಂದರು. ರಾಯಬಾಗ, ಕಾಗವಾಡ, ಅಥಣಿ, ಎಲ್ಲ ಕಡೆಯ ಬಸ್ಸಿನವರಿಗೂ ಇದೇ ಮಾತು. ಆಸ್ಪತ್ರೆಗೆ ಇದು ಮುಜುಗರ ಎಂದು ಕೆಲವರು ಗೊಣಗಿದರು. ಡಾಕ್ಟರು ಮಾತ್ರ ಅವರ ಬೆನ್ನಿಗೆ ನಿಂತರು. ಜನ ಬಂದರು, ಬೆರಳಿಟ್ಟು ನೋಡಿ ಅನುಮಾನ ಬಂದವರದ್ದನ್ನೆಲ್ಲ ಮತ್ತೆ ತೆಗೆದೆವು. ದೇವರು ದೊಡ್ಡವನು, ಮತ್ತೆ ಯಾರ ಕಾಯಿಲೆಯೂ ಕಣ್ತಪ್ಪಿರಲಿಲ್ಲ. ಆ ದಿನಗಳಲ್ಲಿ ಅವರು ದ್ರಾವಣದ ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡರು, ಮತ್ತು ಪ್ರತಿ ಫಿಲ್ಮಿಗೂ ಗೋಡೆ ಬಡಿದು ನನ್ನನ್ನು ಕರೆದರು. ಹಾಳಾದ ಫಿಲ್ಮುಗಳನ್ನು ಒಂದು ಕಡೆ ಕಟ್ಟಿಟ್ಟು, ಜೈನರ ಪರ್ಯೂಷಣ ಹಬ್ಬದಲ್ಲಿ ಎಲ್ಲರಲ್ಲಿ ಕ್ಷಮೆ ಕೇಳುವ ದಿನ ಆ ಕಟ್ಟಿಗೂ ಕೈ ಮುಗಿದರಂತೆ. ಮಾಮಿ ಹೇಳಿದ್ದು.

ಕಣ್ಣಿನ ಆಪರೇಷನ್ನು ನಿಪ್ಪಾಣಿಯಲ್ಲಿ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಒಂದು ಸಂಜೆ ನಾನು ಹೋದಾಗ ಗಂಡ ಹೆಂಡತಿ ಅಂಗಳದಲ್ಲಿ ಊಟಕ್ಕೆ ಕೂತಿದ್ದರು. ಅಂಗಳದ ಬಿಸಿಲು ಹೋಗಿ ಹೊತ್ತಾಗಿತ್ತು. ಮಾಮಾ ಅಂಗೈ ನೋಡಿಕೊಂಡರು, ಮಗುವಿನಂತೆ ನಕ್ಕರು. "ಇನ್ನೂ ಕಾಣತಾವಲೇ! ಇನ್ನೊಂದ ಭಕ್ರಿ ಹಾಕು."

ಮಾಮಿ ಹಾಕಿದರು. ಆದರೆ ತಾವು ತಾಟು ಸರಿಸಿ ಏಳಲು ಹೊರಟರು. "ನನ್ನದಾತು. ನನಗ ಕಾಣವಲ್ವು."

ಮಾಮಾ ತುತ್ತು ಕೆಳಗಿಟ್ಟರು. ಎಡಗೈಯಿಂದ ಅವರ ಕೈ ಹಿಡಿದು ಎಳೆದು ತಮ್ಮ ಕಣ್ಣ ಮುಂದೆ ತಂದುಕೊಂಡರು. "ನಿನಗೂ ಬಂದೈತಿ ಮೋತಿಬಿಂದು, ತಡಿ, ಆಮ್ಯಾಲ ನೋಡೂಣು" ಎಂದರು. ಆಮೇಲೆ, "ನಿನ್ನ ಗೆರಿ ನನಗ ಕಾಣತಾವ. ಕುಂತು ಉಣ್ಣು." ನನ್ನೆದುರಿಗೆ ಗಂಡ ಕೈ ಹಿಡಿದದ್ದಕ್ಕೆ ಮಾಮಿ ಹುಡುಗಿಯಂತೆ ನಾಚಿ ಸೆರಗು ಎಳೆದುಕೊಂಡರು. ಆದರೆ ಉಂಡರು.

ಆಮೇಲೆ ಆಸ್ಪತ್ರೆ ಬದಲಾಯಿತು. ಹೊಸ ಯಂತ್ರ ಬಂತು, ಫಿಲ್ಮು ಹೋಯಿತು. ಈಗ ಚಿತ್ರ ಪರದೆಯ ಮೇಲೆ ಬರುತ್ತದೆ, ಕಪ್ಪು ಬಿಳಿ ಹೆಚ್ಚು ಕಡಿಮೆ ಬೇಕಾದಂತೆ ಬೆರಳಿನಿಂದ ಸರಿಸಬಹುದು. ಡಾರ್ಕ್‌ರೂಮಿನಲ್ಲಿ ಮುರಿದ ಗಾಲಿಕುರ್ಚಿಗಳನ್ನು ತುಂಬಿದ್ದಾರೆ. ಮಾಮಾ ನಿವೃತ್ತಿಯಾಗಿ ಜುಗೂಳದ ಮಗನ ಮನೆಗೆ ಹೋದರು, ಮೊಮ್ಮಕ್ಕಳ ಜೊತೆ ಹೊಳೆಯ ದಂಡೆಗೆ ತಿರುಗಾಡಿದರು, ಸಿಕ್ಕವರನ್ನೆಲ್ಲ ಊಟಾ ಆತೇನ್ರಿ ಎಂದು ಕೇಳಿದರು. ಶೇವಂತಾ ವರ್ಷಕ್ಕೊಮ್ಮೆ ಮಗಳನ್ನು ಕರೆದುಕೊಂಡು ಹೋಗಿ ಬರುತ್ತಿದ್ದಳು. ಮಾಮಿ ಮಾತ್ರ ಆಪರೇಷನ್ನಿಗೆ ಒಪ್ಪಲೇ ಇಲ್ಲ. "ಇವರಿಗೆ ಕಾಣತೈತಲ್ಲ, ಸಾಕು" ಎಂದು ನಕ್ಕು ಜಾರಿಕೊಳ್ಳುತ್ತಿದ್ದರು.

ಹೋದ ವಾರ ಜುಗೂಳಕ್ಕೆ ಹೋಗಿದ್ದೆ. ಮನೆ ತುಂಬ ಮಂದಿ. ಸಂಜೆ ಸೊಸೆ ಅಂಗಳದಲ್ಲಿ ಮಾಮಿಗೆ ತಾಟು ತಂದಿಟ್ಟಳು. "ದಿನಾ ಹಿಂಗ ಮುಂದ ಇಟ್ಟಕೊಂಡ ಕುಂದರತಾರ್ರಿ, ಉಣ್ಣೂದಿಲ್ಲ" ಎಂದು ನನಗಷ್ಟೇ ಕೇಳುವಂತೆ ಹೇಳಿದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅದು ಮಾಮಾ ಕೂರುತ್ತಿದ್ದ ಕಡೆ ಎಂದು ಕೂತ ಮೇಲೆ ಹೊಳೆಯಿತು.

ಮಾಮಿ ತಮ್ಮ ಅಂಗೈ ನೋಡಿಕೊಂಡರು. ಏನೂ ಕಂಡಿರಲಿಕ್ಕಿಲ್ಲ. ಕೈಯನ್ನು ಮೆಲ್ಲಗೆ ನನ್ನ ಕಡೆ ಚಾಚಿದರು.

"ಕಾಣತಾವೇನ ಪೋರಿ?"

ಹೊಳೆಯ ಕಡೆಯಿಂದ ಕತ್ತಲು ಏರುತ್ತಿತ್ತು. ಹೌದು ಎಂದು ಸುಮ್ಮನೆ ಹೇಳಿಬಿಡಬಹುದಿತ್ತು, ಆದರೆ ಆ ಮನೆಯಲ್ಲಿ ಹಾಗೆ ಹೇಳುವುದಕ್ಕೆ ನನಗೆ ಆಗುವುದಿಲ್ಲ. ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ನೋಡಿದೆ. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಬೂದಿಯೊಳಗಿಂದ ಬೂದಿಯ ಗೆರೆ, ಒಂದು, ಅದರ ಪಕ್ಕದಲ್ಲಿ ಇನ್ನೊಂದು.

"ಕಾಣತಾವ್ರಿ ಮಾಮಿ" ಎಂದೆ. "ಉಣ್ರಿ."

ಮಾಮಿ ಭಕ್ರಿ ಮುರಿದರು.